ದನಿ ಕಟ್ಟಿದ ಡಬ್ಬಿ

"ಡೊಳ್ಳು ಹಾಯ್ಸು, ತಾಳ ಹಾಯ್ಸು, ಬೇಕಾದ್ರ ನಾಯಿ ಬೊಗಳಿದ್ದೂ ಹಾಯ್ಸು ತಂಗೆವ್ವಾ. ಜೀವ ಇರೋ ಮನಷ್ಯಾರ ದನಿ ಮಾತ್ರ ಇದರಾಗ ಹಾಯಸಬ್ಯಾಡ."

ಜೋರಾಪುರ ಪೇಟೆಯ ತನ್ನ ರಿಪೇರಿ ಅಂಗಡಿಯಲ್ಲಿ ಮಲ್ಲಿಕಸಾಬ ಆ ಕಬ್ಬಿಣದ ಡಬ್ಬಿಯ ಮುಚ್ಚಳ ತೆಗೆದು ನಿರ್ಮಲಾಳ ಮುಂದೆ ಸರಿಸಿದ. ಒಳಗೆ ತಾಮ್ರದ ತಂತಿಯ ಸುರುಳಿ. ಅದರ ಮೇಲೆ, ತಂತಿಗಿಂತಲೂ ಒತ್ತಾಗಿ, ಉದ್ದನೆಯ ಕರಿಗೂದಲು ಸುತ್ತಿತ್ತು. ಕೂದಲ ನಡುವೆ ಬೆರಳಗಲದ ಸೀಸದ ತಗಡು, ಅದರ ಮೇಲೆ ಮೊಳೆಯಿಂದ ಗೀಚಿದ ಗೆರೆಗಳು.

"ಯಾಕ್ರಿ ಚಾಚಾ, ನುಂಗತೈತೇನು?"

"ಒಂದ ದನಿ ಆಗಲೇ ನುಂಗೇತಿ. ತಿಕೋಟಾದ ಕ್ಯಾಸೆಟ್ ಮಾಲೀಕನ ಮನಿಯಿಂದ ಗುಜರಿಗೆ ಬಂದ ಮಾಲು ಇದು. ಘೋಣಸಗಿ ಸಾವಂತ್ರವ್ವ ಅಂತ ಒಬ್ಬಾಕಿ ಆತನ ಕಂಪನಿಗಿ ಹಾಡತಿದ್ಲು. ಬ್ಯಾರೆ ಕಂಪನ್ಯಾಗ ಹಾಡಾಕ ಹೊಂಟ್ಳಂತ ಆಕಿ ಕೂದಲ ತರಿಸಿ, ಮಾಟ ಮಾಡಿಸಿ, ದನಿ ಇದರಾಗ ಕಟ್ಟಿಸಿಬಿಟ್ಟ. ಇವತ್ತಿಗೂ ಆಕಿ ಮೂಕಿ."

"ಚಲೋನ ಆತಲ್ರಿ. ಹಿಮ್ಮೇಳದವರನ್ನ ಕರಿಯೂದು ತಪ್ಪತು."

ಮಲ್ಲಿಕಸಾಬ ನಗಲಿಲ್ಲ. ಮುಚ್ಚಳ ಮುಚ್ಚಿ ಕೈ ಒರೆಸಿಕೊಂಡ.

ಮಂದಿಯ ಮುಂದೆ ತಲೆ ಎತ್ತದ ನಿರ್ಮಲಾ ಇಷ್ಟು ಮಾತಾಡಿದ್ದೇ ಹೆಚ್ಚು. ಡಬ್ಬಿ ಅವಳಿಗೆ ಅಷ್ಟು ಬೇಕಾಗಿತ್ತು. ಅರಕೇರಿಯಿಂದ ಬಂದು ಪೇಟೆಯ ಹಿತ್ತಲ ಕೋಣೆಯೊಂದರಲ್ಲಿ ಅವಳೂ ತಂಗಿ ಲಕ್ಷ್ಮಿಯೂ ಹೊಸದಾಗಿ ರೆಕಾರ್ಡಿಂಗ್ ಶುರು ಮಾಡಿದ್ದರು. ಲಕ್ಷ್ಮಿ ಡೊಳ್ಳಿನ ಪದ ಹಾಡುವವಳು. ಅವಳ ದನಿ ಎದ್ದರೆ ಅರಕೇರಿಯಲ್ಲಿ ಕುರಿ ಮೇಯಿಸುವವರೂ ನಿಂತು ಕೇಳುತ್ತಿದ್ದರು. ಆದರೆ ಅದೇ ಹಾಡು ಕಬ್ಬಿನ ಟ್ರ್ಯಾಕ್ಟರಿನ ದೊಡ್ಡ ಸ್ಪೀಕರಿನಲ್ಲಿ, ಬೇರೆಯವರ ಹಾಡು ಮುಗಿದ ಮೇಲೆ ಬಂದರೆ, ಸೊರಗಿ ಹೋಗುತ್ತಿತ್ತು. ಡ್ರೈವರುಗಳು ಮುಂದಿನ ಹಾಡಿಗೆ ಜಿಗಿಯುತ್ತಿದ್ದರು. "ನಿಮ್ಮ ಲಕ್ಷ್ಮಿ ಕೊಡದಾಗ ಕುಂತು ಹಾಡಿದಂಗ ಕೇಳತೈತಿ" ಎಂದು ಬಬಲೇಶ್ವರದ ಮೇಳದವರು ನಕ್ಕಿದ್ದರು. ಸಣ್ಣ ದನಿಯನ್ನು ಮೇಲೆತ್ತಿ, ದೊಡ್ಡದನ್ನು ಒತ್ತಿ, ಇಡೀ ಹಾಡಿಗೆ ಮೈ ತುಂಬಿಸುವ ಇಂಥದೊಂದು ಹಳೆಯ ಕಂಪ್ರೆಸರ್ ಸಿಕ್ಕರೆ ಆ ನಗು ನಿಲ್ಲುತ್ತಿತ್ತು.

ಡಬ್ಬಿ ಕೊಂಡು ತಂದ ಮರುದಿನ ನಡುಮಧ್ಯಾಹ್ನ ಅವಳು ಒಬ್ಬಳೇ ಅದರ ಮುಂದೆ ಕೂತಳು. ಹೊರಗೆ ಬಿಸಿಲು ಬೆಳ್ಳಗೆ ಸುಡುತ್ತಿದ್ದರೂ ಕೋಣೆಯಲ್ಲಿ ಕತ್ತಲೆ. ಸಪ್ಪಳ ಬರಬಾರದೆಂದು ಕಿಟಕಿ, ಬಾಗಿಲು, ಗೋಡೆಗಳಿಗೆಲ್ಲ ಅವ್ವ ಹೊಲಿದ ದಪ್ಪ ಕೌದಿಗಳನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದರು. ಫ್ಯಾನೂ ಬಂದ್. ಹಾಡು ಕಂಪ್ಯೂಟರಿನಿಂದ ಹೊರಟು, ಒಂದು ವೈರಿನಲ್ಲಿ ಡಬ್ಬಿಯೊಳಗೆ ಹೋಗಿ, ಇನ್ನೊಂದು ವೈರಿನಲ್ಲಿ ತಿರುಗಿ ಕಂಪ್ಯೂಟರಿಗೆ ಬರಬೇಕು. ಗುಂಡಿ ಒತ್ತಿದ ಕೂಡಲೇ ಮುಗಿಯುವ ಕೆಲಸವಲ್ಲ. ಹಾಡು ಎಷ್ಟು ಉದ್ದವೋ ಅಷ್ಟೂ ಹೊತ್ತು ಕೂತು ಕೇಳಬೇಕು.

ಡಬ್ಬಿಯ ದೀಪ ಹತ್ತಿತು. ಬಿಸಿಯಾದ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ಕೊಬ್ಬರಿ ಎಣ್ಣೆಯ ವಾಸನೆ. ಯಾರೋ ತಲೆ ಬಾಚಿಕೊಂಡು ಪಕ್ಕಕ್ಕೆ ಬಂದು ಕೂತ ಹಾಗೆ.

ಅವಳಿನ್ನೂ ಹಾಡು ಬಿಟ್ಟಿರಲಿಲ್ಲ. ಡಬ್ಬಿಯ ಮುಖದ ಮೇಲಿನ ಮೀಟರಿನ ಮುಳ್ಳು ತಾನಾಗಿಯೇ ಮೆಲ್ಲಗೆ ಎದ್ದು ಇಳಿಯಿತು. ಮತ್ತೆ ಎದ್ದಿತು, ಇಳಿಯಿತು. ಮಲಗಿದವರ ಉಸಿರಿನ ಹಾಗೆ.

"ಕರೆಂಟಿನ ಗುಣ" ಎಂದುಕೊಂಡು ಹಾಡು ಬಿಟ್ಟಳು.

ಹಾಡು ತುಂಬಿಕೊಂಡು ಬಂತು. ಡೊಳ್ಳು ಎದೆಗೆ ಬಡಿಯಿತು. ಲಕ್ಷ್ಮಿಯ ದನಿ ಕಿವಿಯ ಹತ್ತಿರಕ್ಕೆ ಬಂದು ನಿಂತಿತು. ಆ ದನಿಯ ಅಡಿಯಲ್ಲಿ ಇನ್ನೊಂದು ದನಿಯಿತ್ತು. ದಪ್ಪ, ಮಾಗಿದ ದನಿ. ಲಕ್ಷ್ಮಿ ಎತ್ತಿಕೊಂಡ ಪ್ರತಿ ಸಾಲಿಗೂ ಅದು ಕೈ ಹಚ್ಚುತ್ತಿತ್ತು. ಹಾಡು ಮುಗಿಯಿತು. ಮುಳ್ಳು ಇಳಿಯಲಿಲ್ಲ. ಹೆಡ್‌ಫೋನಿನಲ್ಲಿ ಯಾರೋ ಬಾಯಾರಿದವರು ನೀರು ಗುಟುಕರಿಸಿದಂಥ ಸಪ್ಪಳ ಕೇಳಿ, ಆಮೇಲೆ ನಿಂತಿತು.

ಆ ವಾರ ಟ್ರ್ಯಾಕ್ಟರುಗಳೆಲ್ಲ ಲಕ್ಷ್ಮಿಯ ಹಾಡನ್ನೇ ಹಚ್ಚಿದವು. ಲಕ್ಷ್ಮಿಯ ಗಂಟಲು ಮಾತ್ರ ಕಟ್ಟಿತು.

"ಅಕ್ಕಾ, ಯಾಕೋ ದನಿ ಏಳವಲ್ದು," ಅಂದಳು ಲಕ್ಷ್ಮಿ.

"ಐಸ್ಕ್ರೀಮ್ ತಿನ್ನಬ್ಯಾಡ ಅಂದ್ರ ಕೇಳತೀಯೇನು? ಉಪ್ಪುನೀರು ಮುಕ್ಕಳಸು."

"ಐಸ್ಕ್ರೀಮ್ ಅಲ್ಲ ಬೇ. ಒಳಗಿಂದ ಯಾರೋ ಜಗ್ಗಿದಂಗಾಕೈತಿ."

ನಿರ್ಮಲಾಗೆ ಮಲ್ಲಿಕಸಾಬನ ಮಾತು ನೆನಪಾಯಿತು. ನೆನಪಾದದ್ದಕ್ಕೇ ನಾಚಿಕೆಯೂ ಆಯಿತು. ಮೊದಲೇ ಹಾಡಿಸಿಟ್ಟ ಎರಡನೆಯ ಹಾಡನ್ನೂ ಅದೇ ದಿನ ಡಬ್ಬಿಗೆ ಬಿಟ್ಟಳು.

ಬೆಳಿಗ್ಗೆ ಲಕ್ಷ್ಮಿ ಹಾಸಿಗೆಯಲ್ಲಿ ಎದ್ದು ಕೂತು ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿದವು. ಕಣ್ಣಲ್ಲಿ ನೀರು ಬಂತು. ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ದವಾಖಾನೆಯಲ್ಲಿ ಟಾರ್ಚು ಹಾಕಿ ನೋಡಿದರು. ಗಂಟಲು ಸಾಫ್ ಇದೆ ಅಂದರು. ಲಕ್ಷ್ಮಿ ಮನೆಗೆ ಬಂದು ಗೋಡೆಯ ಕೌದಿಗೆ ಮುಖ ಒತ್ತಿ ಅತ್ತಳು. ಅಳುವಿಗೂ ಸಪ್ಪಳವಿರಲಿಲ್ಲ.

ನಿರ್ಮಲಾ ಬಸ್ಸು ಹಿಡಿದು ಘೋಣಸಗಿಗೆ ಹೋದಳು. ಸಾವಂತ್ರವ್ವ ಬೇವಿನ ಗಿಡದ ಕೆಳಗೆ ಆಡುಗಳ ನಡುವೆ ಕೂತಿದ್ದಳು. ಮುದುಕಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ನಿರ್ಮಲಾ ಫೋನಿನಲ್ಲಿ ಹಾಡು ಹಚ್ಚಿದಳು. ಮುದುಕಿ ಮೊದಲು ಸುಮ್ಮನೆ ಕೇಳಿದಳು. ಆಮೇಲೆ ಫೋನು ಕಸಿದುಕೊಂಡು ಕಿವಿಗೆ ಒತ್ತಿಕೊಂಡಳು. ಲಕ್ಷ್ಮಿಯ ದನಿಯ ಅಡಿಯಲ್ಲಿದ್ದ ಆ ದಪ್ಪ ದನಿಗೆ ತಕ್ಕಂತೆ ಅವಳ ತುಟಿಗಳು ಆಡತೊಡಗಿದವು. ಒಂದು ಮಾತೂ ತಪ್ಪಲಿಲ್ಲ.



"ಅತ್ತಿ ಇಷ್ಟು ವರ್ಷಕ್ಕ ಹಾಡು ಕೇಳ್ಯಾಳ್ರಿ," ಅಂದಳು ಪಕ್ಕದಲ್ಲಿ ನಿಂತಿದ್ದ ಮುದುಕಿಯ ಸೊಸೆ. ಏನಾದರೂ ಆದರೆ ಫೋನ್ ಮಾಡಿರೆಂದು ಅವಳಿಗೆ ನಂಬರು ಕೊಟ್ಟು ನಿರ್ಮಲಾ ಅಲ್ಲಿಂದ ಓಡಿದಂತೆ ಬಂದಳು. ಸೀದಾ ಮಲ್ಲಿಕಸಾಬನ ಅಂಗಡಿಗೆ.

ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಹಾಯ್ಸಿದಿ."

"ನಿಮ್ಮ ಕಾಲ ಬೀಳತೇನ್ರಿ ಚಾಚಾ. ಹೆಂಗ ಬಿಡಸೂದು ಹೇಳ್ರಿ."

"ಮಾಲೀಕನ ಬಾಯಿಂದ ಕೇಳಿದ್ದು ಇಷ್ಟ. ಹಳೇ ಗಂಟು ಬಿಚ್ಚಿ, ಆ ಜಾಗಾಕ ತಮ್ಮ ದನಿ ಮನಸಾರೆ ಕೊಡೋರ ಕೂದಲ ಸುತ್ತಬೇಕು. ಕೊಡೋರು ತಮ್ಮ ಹೆಸರು ಹೇಳಿ ಅದರಾಗ ಹಾಯಸಬೇಕು. ಬರೇ ಬಿಚ್ಚಿದ್ರ ಒಳಗಿದ್ದದ್ದೆಲ್ಲಾ ಸುಟ್ಟು ಹೊಕ್ಕೈತಿ." ಅವನು ಕಣ್ಣು ತಗ್ಗಿಸಿದ. "ನೀ ಹೋಗಿ ಸುತ್ತಬ್ಯಾಡವ್ವ."

ನಿರ್ಮಲಾ ತನ್ನ ಜಡೆ ಮುಟ್ಟಿಕೊಂಡಳು. ತನ್ನ ದನಿ ಯಾರಿಗೆ ಬೇಕು? ಹುಟ್ಟಿದಾಗಿನಿಂದ ಅದನ್ನು ಉಳಿಸಿಯೇ ಇಟ್ಟಿದ್ದಾಳೆ. ಲಕ್ಷ್ಮಿಯದು ಹಾಗಲ್ಲ.

ಕೋಣೆಗೆ ಬಂದು ಬಾಗಿಲಿನ ಕೌದಿ ಎಳೆದಳು. ಲಕ್ಷ್ಮಿ ಹೊರಗೆ ಪಡಸಾಲೆಯಲ್ಲಿ ಕೂತಿದ್ದಳು. ಕತ್ತರಿ ಜಡೆಯ ಮೇಲೆ ಕರಕರ ಓಡಿತು. ಮುಚ್ಚಳ ಬಿಚ್ಚಿದಳು. ಹಳೆಯ ಕೂದಲು ಮುಟ್ಟಿದಳು. ಬೆಚ್ಚಗಿತ್ತು. ಒಂದು ಎಳೆ ಬಿಚ್ಚಿದರೆ ಇನ್ನೊಂದು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಬಿಡಿಸಿದಳು. ಮತ್ತೆ ಸುತ್ತಿತು. ಸುಟ್ಟ ಕೂದಲ ವಾಸನೆ ಮೂಗಿಗೆ ಅಡರಿತು. ಕೊನೆಯ ಎಳೆ ಜಾರುವ ಮೊದಲೇ ತನ್ನ ಕೂದಲು ಸುತ್ತಿದಳು. ಗಂಟು ಹಾಕಿದಳು. ಡಬ್ಬಿ ಹಚ್ಚಿದಳು. ಮೈಕು ಬಾಯಿಗೆ ತಂದಳು.

"ನಾ ನಿರ್ಮಲಾ. ಅರಕೇರಿಯಾಕಿ. ನನ್ನ ದನಿ ತಗೋ."

ಮುಳ್ಳು ಒಮ್ಮೆಲೇ ಬಲಕ್ಕೆ ಹಾರಿತು. ಅಲ್ಲೇ ನಡುಗಿತು. ಗಂಟಲೊಳಗೆ ದಾರ ಎಳೆದಂತಾಯಿತು. ಉದ್ದ ದಾರ. ಎಳೆಯುತ್ತಲೇ ಇತ್ತು. ದೀಪ ಆರಿತು. ಕರೆಂಟು ಹೋಗಿ ಕೋಣೆ ಕಪ್ಪಾಯಿತು. ಕತ್ತಲೆಯಲ್ಲಿ, ಅವಳ ಕಿವಿಯ ಪಕ್ಕದಲ್ಲೇ, ಯಾರೋ ದೀರ್ಘವಾಗಿ ಉಸಿರು ಬಿಟ್ಟು ಎದ್ದು ಹೋದರು.

ನಿರ್ಮಲಾ ಬಾಗಿಲು ತೆರೆದು ಹೊರಬಿದ್ದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಲಕ್ಷ್ಮಿ ಎದ್ದು ನಿಂತಳು, ಅಕ್ಕನ ಬೋಳಾದ ಹೆಗಲು ನೋಡಿದಳು, ಬಾಯಿ ತೆರೆದಳು.

ಗಾಳಿ. ಬರೀ ಗಾಳಿ.

ನಿರ್ಮಲಾ ಅವಳ ಎರಡೂ ಭುಜ ಹಿಡಿದು ಅಲುಗಿಸಿದಳು. ಮಾತಾಡು ಎನ್ನಲು ಹೋದಳು. ಅವಳ ಬಾಯಿಂದಲೂ ಗಾಳಿಯೇ ಬಂತು.

ಫೋನು ಹೊಡೆದುಕೊಂಡಿತು. ಹೊಸ ನಂಬರು. ಲಕ್ಷ್ಮಿ ಸ್ಪೀಕರ್ ಹಾಕಿದಳು.

"ಯವ್ವಾ, ನಾ ಘೋಣಸಗಿ ಸಾವಂತ್ರವ್ವ." ದಪ್ಪ, ಮಾಗಿದ ದನಿ. ಹಾಡಿನ ಅಡಿಯಲ್ಲಿದ್ದ ಅದೇ ದನಿ, ಅಳುತ್ತಿತ್ತು, ನಗುತ್ತಿತ್ತು. "ಈಗ, ಆಡಿಗಿ ನೀರು ಇಡಾಕ ಹೋಗಿದ್ದೆ, ಬಾಯಾಗ ಮಾತ ಬಂತು. ನೀನ ಏನೋ ಮಾಡೀದಿ. ನಿನ್ನ ಹೊಟ್ಟಿ ತಣ್ಣಗಿರಲಿ."

ನಿರ್ಮಲಾ ತನ್ನ ಬೆರಳು ನೋಡಿಕೊಂಡಳು. ಒಂದು ಉದ್ದನೆಯ ಕರಿಗೂದಲು ಇನ್ನೂ ಸುತ್ತಿಕೊಂಡಿತ್ತು. ಬಿಚ್ಚಿದ್ದು ಸಾವಂತ್ರವ್ವನ ಕೂದಲು. ಹೊರಬಂದದ್ದು ಸಾವಂತ್ರವ್ವನ ದನಿ. ಲಕ್ಷ್ಮಿಯದನ್ನು ಕೂದಲು ಹಾಕಿ ಯಾರೂ ಕಟ್ಟಿರಲಿಲ್ಲ. ಬಿಚ್ಚಲು ಅದಕ್ಕೆ ಗಂಟೇ ಇರಲಿಲ್ಲ.

"ಯಾಕ ಬೇ, ಸುಮ್ಮನ ನಿಂತಿ?" ಫೋನು ಕೇಳಿತು. "ಏನರ ಮಾತಾಡು. ನಿನ್ನ ದನಿ ಕೇಳಬೇಕಾಗೇತಿ."

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ತೆರೆದ ಬಾಗಿಲ ಆಚೆ, ಕರೆಂಟಿಲ್ಲದ ಕೋಣೆಯ ಕತ್ತಲೆಯಲ್ಲಿ, ಡಬ್ಬಿಯ ಮುಳ್ಳು ಮೆಲ್ಲಗೆ ಎದ್ದು ಇಳಿಯಿತು.