ಸೊನ್ನೆಗೆ ಸರಿಯಾಗಿದ್ದ ತಕ್ಕಡಿ

ನವೆಂಬರ್ 9, ಸೋಮವಾರ ಬೆಳಿಗ್ಗೆ ಮಾಂಟಾನಾದ ಕೋಲ್ಟರ್ ಕೌಂಟಿ ಠಾಣೆಗೆ ಬಂದ ವರ್ನ್ ಹ್ಯಾಸ್ಕೆಟ್ ತನ್ನ ಮೇಲೆ ತಾನೇ ದೂರು ಕೊಟ್ಟ.

"ನನ್ ಹೆಂಡ್ತಿ ಕಣ್ಣು ನಾನೇ ತೆಗ್ದೆ. ಒಳಗೆ ಹಾಕಿ."

ಹಿಂದಿನ ದಿನ ಶೂಟಿಂಗ್ ಕ್ಲಬ್ಬಿನಲ್ಲಿ ಅವನ ಹೆಂಡತಿ ರೇಲೀನ್ ಕೈಯಲ್ಲಿ ರೈಫಲ್ ಸಿಡಿದು ಬಲಗಣ್ಣು ಹೋಗಿತ್ತು. ಖಾಲಿ ತೋಟೆಗಳಿಗೆ ಮನೆಯ ಗ್ಯಾರೇಜಿನಲ್ಲಿ ಮದ್ದು ತೂಗಿ ತುಂಬಿದವನು ವರ್ನ್. ಶೆರಿಫ್ ಮಾರ್ವಾ ಕೆಸ್ಲರ್ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ. ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಇದ್ದ.

"ತೂಗುವಾಗ ಕುಡಿದಿದ್ರಾ?"

"ಇಲ್ಲ."

"ತಕ್ಕಡಿ ಸರಿ ಇತ್ತಾ?"

"ಪ್ರತಿ ಸಲ ಸೊನ್ನೆಗೆ ತಂದೇ ತೂಗೋದು. ಹೀಟರ್ ಆರ್ಸಿ ಬಾಗ್ಲು ಹಾಕ್ತೀನಿ. ಉಸಿರು ತಾಕಿದ್ರೂ ಅದರ ಕಡ್ಡಿ ಅಲ್ಲಾಡತ್ತೆ."

ಗ್ಯಾರೇಜನ್ನು ಶೋಧಿಸಿ, ಉಳಿದ ತೋಟೆಗಳನ್ನು ಡೆಪ್ಯುಟಿ ಬ್ರಾಂಡ್ಟ್ ಪ್ರಯೋಗಾಲಯಕ್ಕೆ ಒಯ್ದ. ಪ್ರತಿಯೊಂದರಲ್ಲೂ ಮದ್ದು ಒಂದೇ ಅಳತೆಯಷ್ಟು ಹೆಚ್ಚಿತ್ತು.

"ಕೈತಪ್ಪಾದ್ರೆ ಒಂದರಲ್ಲಿ ಆಗತ್ತೆ. ಎಲ್ಲದ್ರಲ್ಲೂ ಹೆಂಗೆ?" ಎಂದರು ಮಾರ್ವಾ.

ತಕ್ಕಡಿಯ ಖಾಲಿ ತಟ್ಟೆ ಸೊನ್ನೆಯಲ್ಲಿ ನೇರವಾಗಿ ನಿಂತಿತು. ಪ್ರಯೋಗಾಲಯದಿಂದ ತಂದ ಪರೀಕ್ಷೆಯ ತೂಕವಿಟ್ಟು, ಕಡ್ಡಿಯ ಮೇಲೆ ಸರಿಯುವ ಜಾರುಬೊಟ್ಟನ್ನು ಅದೇ ತೂಕದ ಗುರುತಿಗೆ ಸರಿಸಿದಾಗ ತಟ್ಟೆ ಮೇಲೆದ್ದಿತು; ಹೆಚ್ಚು ಮದ್ದು ಸುರಿದರಷ್ಟೇ ಅದು ಸಮಕ್ಕೆ ಬರುತ್ತಿತ್ತು. ಬೊಟ್ಟಿನ ಅಡಿ ಸೀಸದ ಚೂರೊಂದನ್ನು ಅಂಟಿಸಲಾಗಿತ್ತು. ಸೊನ್ನೆಯಲ್ಲಿ ಮೋಸ ಕಾಣದಂತೆ ತಕ್ಕಡಿಯ ಕಾಲಿನ ತಿರುಪನ್ನೂ ತಿರುಗಿಸಿದ್ದರು.

"ಇದನ್ನ ಯಾರಿಗೆ ಕೊಟ್ಟಿದ್ರಿ?" ಮಾರ್ವಾ ವರ್ನ್‌ನನ್ನು ಕೇಳಿದರು.

"ಯಾರಿಗೂ ಇಲ್ಲ. ಲೈಲ್ ಮಾತ್ರ ಧೂಳು ತೆಗೆದುಕೊಡ್ತೀನಿ ಅಂತ ಒಯ್ದಿದ್ದ. ಪರೀಕ್ಷೆ ತೂಕಗಳು ಅವನ ಹತ್ರನೇ ಉಳಿದ್ವು." ವರ್ನ್ ತಟ್ಟನೆ ನಿಂತ. "ನಂಗೆ ಈ ಕೆಲಸ ಕಲಿಸಿದ್ದೇ ಅವನು, ಶೆರಿಫ್. ಸುಮ್ನೆ ಅವನ ಹೆಸರು ಎತ್ತಬೇಡಿ."

ಎಪ್ಪತ್ತು ದಾಟಿದ ಲೈಲ್ ಓಸ್ಟ್ಬಿ ತನ್ನ ಮನೆಯ ಬಾಗಿಲು ತೆರೆದು, ತಕ್ಷಣ ಎರಡೂ ಕೈ ಜೇಬಿಗಿಳಿಸಿ ನಿಂತ.

"ತಕ್ಕಡಿಗೆ ಏನ್ ಮಾಡಿದ್ರಿ?"

"ಒರೆಸ್ದೆ. ಕಡ್ಡಿ ಕೂರೋ ಕತ್ತಿಯಂಚಿಗೆ ಎಣ್ಣೆ ಹಾಕ್ಬೇಡ ಅಂತ ಆ ದಡ್ಡನಿಗೆ ಎಷ್ಟು ಸಲ ಬಡ್ಕೊಳ್ಳೋದು?"

"ತೂಕ ಇಟ್ಟು ನೋಡಿದ್ರಾ?"

"ನೋಡ್ದೆ. ಸರಿ ಇತ್ತು."

ಮಾರ್ವಾ ತಕ್ಕಡಿಯನ್ನು ಮೇಜಿನ ಮೇಲಿಟ್ಟರು. "ಇನ್ನೊಂದ್ಸಲ ನೋಡಿ. ನನ್ನೆದುರಿಗೆ."

ಲೈಲ್ ಕೈ ಹೊರಗೆ ತೆಗೆದ. ಬೆರಳುಗಳು ನಿಲ್ಲದೆ ನಡುಗುತ್ತಿದ್ದವು. ತಕ್ಕಡಿಯನ್ನು ಮುಟ್ಟಲಿಲ್ಲ.

"ಅವನ ಗುಂಡು ಗುರಿ ತಪ್ಪಲಿ, ಕ್ಲಬ್ಬಲ್ಲಿ ನಗೆಪಾಟ್ಲಾಗ್ಲಿ ಅಂದ್ಕೊಂಡೆ. ರೇಲೀನ್ ಹೊಡೀತಾಳೆ ಅಂತ ನಂಗೇನ್ ಗೊತ್ತು?"

"ಮದ್ದು ಹೆಚ್ಚಾದ್ರೆ ಏನಾಗತ್ತೆ ಅಂತ ಊರಿಗೆಲ್ಲ ಹೇಳ್ಕೊಟ್ಟಿದ್ದು ನೀವಲ್ವಾ?"

ನವೆಂಬರ್ 14ರ ಮಧ್ಯಾಹ್ನ ಲೈಲ್‌ನನ್ನು ಬಂಧಿಸಲಾಯಿತು.

ಸೆಪ್ಟೆಂಬರಿನ ಸಭೆಯಲ್ಲಿ ಕ್ಲಬ್ಬಿನವರು ತೋಟೆ ತುಂಬುವ ತರಗತಿಯನ್ನು ಲೈಲ್‌ನಿಂದ ತೆಗೆದು ವರ್ನ್‌ಗೆ ವಹಿಸಿದ್ದರು. "ಈ ನಡುಕದ ಕೈಲಿ ಕಲಿತ್ರೆ ನಾವೆಲ್ಲ ಬೂದಿ" ಎಂದು ವರ್ನ್ ತಮಾಷೆ ಮಾಡಿದ್ದ. ಅದರ ಬಗ್ಗೆ ಲೈಲ್ ಕೊಟ್ಟ ಹೇಳಿಕೆ ಚಿಕ್ಕದು:

"ಎಲ್ರೂ ನಕ್ಕರು. ನಾನೂ ನಕ್ಕೆ. ನಾನು ನಕ್ಕಿದ್ದನ್ನೇ ತಡ್ಕೊಳ್ಳಕ್ಕಾಗ್ಲಿಲ್ಲ."