ನಾಲ್ಕು ವೋಟಿನ ಗೆಲುವು

ರುಹಿ ಗೆದ್ದಿದ್ದು ಬರೀ ನಾಲ್ಕು ವೋಟಿನಲ್ಲಿ.

ಮಧ್ಯಾಹ್ನ ಮೂರಕ್ಕೆ ರಿಸಲ್ಟ್ ಬಂದಾಗ ಅವಳು ತಿಪಟೂರಿನ ತಮ್ಮ ಟೈಲರ್ ಅಂಗಡಿಯಲ್ಲಿ ಯಾರದೋ ಬ್ಲೌಸಿಗೆ ಹುಕ್ ಹಾಕುತ್ತಿದ್ದಳು. ಫೋನಿನಲ್ಲಿ ಒಂದೇ ಸಾಲು: ‘ನವನಾಡಿನ ಅಧ್ಯಕ್ಷೆಯಾಗಿ ಸೂಜಿಮೊನೆ ಆಯ್ಕೆ.’ ಸೂಜಿಮೊನೆ ಅಂದರೆ ಅವಳೇ. ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ.

ನವನಾಡು ಅನ್ನೋದು ಭೂಮಿಯ ಮೇಲಿಲ್ಲ. ಅದೊಂದು ಆನ್‌ಲೈನ್ ಆಟ. ಕರ್ನಾಟಕದ ಮೂಲೆಮೂಲೆಯ ಮುನ್ನೂರು ಚಿಲ್ಲರೆ ಜನ ಸೇರಿ ಕಟ್ಟಿಕೊಂಡ ದೇಶ. ಅದಕ್ಕೊಂದು ಮ್ಯಾಪು, ಸಂವಿಧಾನ, ಪಕ್ಷಗಳು, ಎರಡು ತಿಂಗಳಿಗೊಮ್ಮೆ ಚುನಾವಣೆ. ಒಬ್ಬರಿಗೆ ಒಂದೇ ವೋಟು. ಅಲ್ಲಿ ಯಾರ ನಿಜವಾದ ಹೆಸರೂ ಯಾರಿಗೂ ಗೊತ್ತಿಲ್ಲ. ಬರೆದ ಮಾತಿಗಷ್ಟೇ ಬೆಲೆ. ರುಹಿಗೆ ಹಿಡಿಸಿದ್ದೇ ಅದು. ಪಿಯುಸಿ ಮುಗಿಸಿ ಹೊಲಿಗೆ ಮಿಷನ್ ಮುಂದೆ ಕೂತವಳಿಗೆ ಈಗ ಇಪ್ಪತ್ತೇಳು. ಅವಳು ಏನೇ ಹೇಳಲಿ, ಅಬ್ಬಾ ಪೀರ್ ಸಾಬ್ “ಆಯ್ತು ಬಿಡು ಮಗಾ” ಅನ್ನುತ್ತಿದ್ದರು. ಪ್ರೀತಿಯಿಂದಲೇ. ಆದರೂ ಆ ಮಾತು ಅವಳಿಗೆ ಬಾಗಿಲು ಮುಚ್ಚಿದ ಹಾಗೆ ಕೇಳುತ್ತಿತ್ತು.

ನವನಾಡಿನಲ್ಲಿ ಹಾಗನ್ನದವನು ಒಬ್ಬನಿದ್ದ. ಬಂದರು ಪಕ್ಷದ ನಾಯಕ. ಅವನ ಹೆಸರು ‘ಹತ್ತು-ಹನ್ನೊಂದು’.

ಎರಡು ವರ್ಷದ ಜಗಳ ಅದು. ಅವಳ ಬಯಲು ಪಕ್ಷ ಒಣಸೀಮೆಗೆ ನಾಲೆ ಬೇಕು ಅಂದರೆ, ಅವನು ಮೊದಲು ಬಂದರು ಕಟ್ಟಬೇಕು ಅನ್ನುತ್ತಿದ್ದ. ಅವಳ ಮಸೂದೆಯ ಒಂದೊಂದು ಸಾಲನ್ನೂ ಬಿಚ್ಚಿ, ಎಲ್ಲಿ ಸಡಿಲ, ಎಲ್ಲಿ ತುಕ್ಕು ಅಂತ ತೋರಿಸುತ್ತಿದ್ದ. ಒಮ್ಮೆ ಹೀಗೆ ಬರೆದ: “ನಮ್ಮ ಕಡೆ ಕಾಯಿ ಕೊಬ್ಬರಿ ಆಗೋಕೆ ವರ್ಷಗಟ್ಟಲೆ ಅಟ್ಟದ ಮೇಲೆ ಕೂತಿರುತ್ತೆ. ಮೇಡಂ ತಮ್ಮ ಮಸೂದೆನ ಒಂದು ವಾರ ಆದ್ರೂ ಕೂರಿಸಬಾರದಾ?”

ರುಹಿ ನಕ್ಕಳು. ಆಮೇಲೆ ನಗು ನಿಂತಿತು. ಅವನೊಬ್ಬನಿಗೇ ಮೆಸೇಜ್ ಹಾಕಿದಳು.

“ಅಟ್ಟದ ಕೊಬ್ಬರಿ ಅಂದ್ರಲ್ಲ, ಯಾವೂರು ನಿಮ್ದು?”

“ತುರುವೇಕೆರೆ. ನಿಮ್ದು?”

“ತಿಪಟೂರು.”

ಆಮೇಲೆ ಎರಡು ದಿನ ಇಬ್ಬರೂ ಒಂದಕ್ಷರ ಬರೆಯಲಿಲ್ಲ. ಎಲ್ಲೋ ಇದ್ದ ಎದುರಾಳಿ ಲೋಕಲ್ ಬಸ್ಸಿನ ದೂರಕ್ಕೆ ಬಂದರೆ ದಿಗಿಲಾಗುತ್ತದೆ.

ಈಗ ಅವಳು ಅವನನ್ನೇ ಸೋಲಿಸಿ ಗೆದ್ದ ದಿನ ಅವನ ಮೆಸೇಜ್ ಬಂತು. “ಅಭಿನಂದನೆ ಅಧ್ಯಕ್ಷರೇ. ಬುಧವಾರ ಬೇರಿಂಗ್ ತರೋಕೆ ತಿಪಟೂರಿಗೆ ಬರ್ತೀನಿ. ಎದುರಿಗೇ ಬಂದು ಹೇಳ್ಬಹುದಾ?”

ರುಹಿ ಮೂರು ಸಲ ಬರೆದು, ಮೂರು ಸಲ ಅಳಿಸಿ, ಕೊನೆಗೆ ಅಂಗಡಿ ಅಡ್ರೆಸ್ ಕಳಿಸಿದಳು. “ಜುಬ್ಬ ಹೊಲಿಸೋರ ಥರ ಬನ್ನಿ.”

ಬುಧವಾರ ಬಂದವನು ಉದ್ದಕ್ಕಿದ್ದ. ಉಗುರಿನ ಸಂದಿಯಲ್ಲಿ ಗ್ರೀಸ್ ಉಳಿದಿತ್ತು. ಬಟ್ಟೆ ತಂದಿದ್ದ ಕವರನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಹೆಸರು?” ಬಿಲ್ ಬುಕ್ಕಿನಿಂದ ತಲೆಯೆತ್ತದೆ ರುಹಿ ಕೇಳಿದಳು.

“ಮುಜಾಫರ್.”

ಆಗ ತಲೆಯೆತ್ತಿದಳು. ಎರಡು ವರ್ಷ ಅಚ್ಚುಕಟ್ಟಾದ ಕನ್ನಡದಲ್ಲಿ ಕಿತ್ತಾಡಿದ ಇಬ್ಬರ ಮನೆಯಲ್ಲೂ ಒಂದೇ ಉರ್ದು ಇತ್ತು. ಅವನಿಗೂ ಅಂಗಡಿ ಬೋರ್ಡಿನಲ್ಲಿ ಪೀರ್ ಸಾಬ್ ಹೆಸರು ನೋಡಿಯೇ ಆಶ್ಚರ್ಯ ಆಗಿದ್ದಿರಬೇಕು. ಹುಬ್ಬು ಇನ್ನೂ ಇಳಿದಿರಲಿಲ್ಲ.

ಅಬ್ಬಾ ಟೇಪು ಹಿಡಿದು ಅಳತೆ ಕೂಗಿದರು. “ಎದೆ ನಲವತ್ತು. ಭುಜ ಹದಿನೆಂಟು. ತೋಳು ಇಪ್ಪತ್ತೈದು.” ರುಹಿ ಬರೆದುಕೊಂಡಳು. ಅವನು ಗೋಡೆಯ ಕ್ಯಾಲೆಂಡರ್ ನೋಡುವವನ ಹಾಗೆ ಅವಳ ಕಡೆ ನೋಡುತ್ತಿದ್ದ.

ಅಬ್ಬಾ ಚೀಟಿ ಎತ್ತಿ ನೋಡಿದರು. “ತೋಳು ಐವತ್ತೆರಡಾ? ನೆಲ ಗುಡಿಸ್ತದೆ ಮಗಾ!”

ಮುಜಾಫರ್ ತುಟಿ ಕಚ್ಚಿಕೊಂಡ. ಅಬ್ಬಾ ಬಟ್ಟೆ ಮಡಿಸಲು ಒಳಗೆ ತಿರುಗಿದಾಗ ರುಹಿ ಮೆಲ್ಲಗೆ ಕೇಳಿದಳು. “ಹತ್ತು-ಹನ್ನೊಂದು ಅಂದ್ರೆ ಹುಟ್ಟಿದ ತಾರೀಕಾ?”

“ಸ್ಪ್ಯಾನರ್ ನಂಬರ್ ಕಣ್ರೀ. ಕಾಯಿ ಸುಲಿಯೋ ಮಿಷನ್ ರಿಪೇರಿ ನಂದು.” ಆಮೇಲೆ ಇನ್ನೂ ಮೆಲ್ಲಗೆ, “ಸೂಜಿಮೊನೆ ಇಷ್ಟು ಮೆತ್ತಗೆ ಮಾತಾಡ್ತಾರೆ ಅಂದ್ಕೊಂಡಿರ್ಲಿಲ್ಲ.”

ಅವನು ಹೋದ ಮೇಲೆ ಅವಳು ಖಾಲಿ ಮಿಷನ್ನನ್ನೇ ಸ್ವಲ್ಪ ಹೊತ್ತು ತುಳಿದಳು.

ಅವತ್ತೇ ಸಂಜೆ ತಂಗಿ ಸುಮೇರಾ ಕಾಲೇಜಿನಿಂದ ಬಂದವಳು, ಅಕ್ಕನ ಮುಖದ ಕಳೆ ನೋಡಿ ಕುಣಿದಳು. “ಆಪಾ, ನನಗೆ ಟ್ರೀಟ್ ಯಾವಾಗ? ನಿನ್ನ ಗೆಲ್ಸಿದ್ದೇ ನಾನು!”

“ಅಂದ್ರೆ?”

“ನಮ್ಮ ಕ್ಲಾಸ್ ಹುಡ್ಗೀರ ಫೋನಲ್ಲಿ ಏಳು ಅಕೌಂಟ್ ಮಾಡಿ ನಾನೇ ಏಳು ವೋಟು ಒತ್ತಿದೆ. ಅವರಿಗೆ ಆಟ ಏನು ಅಂತಾನೂ ಗೊತ್ತಿಲ್ಲ.”

ಗೆದ್ದಿದ್ದು ನಾಲ್ಕರಲ್ಲಿ. ಕಳ್ಳ ವೋಟು ಏಳು. ರುಹಿಗೆ ಬೈಯಲೂ ಆಗಲಿಲ್ಲ. ತಂಗಿಯ ಕಣ್ಣಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೂ ಹತ್ತು ದಿನ ಅವಳು ಅಧ್ಯಕ್ಷೆಯಾಗಿಯೇ ಇದ್ದಳು. ನಾಲೆಯ ಮಸೂದೆ ಮಂಡಿಸಿದಳು. ಜನ ಚಪ್ಪಾಳೆಯ ಗುರುತು ಹಾಕಿದರು. ಒಂದೊಂದು ಚಪ್ಪಾಳೆಯೂ ಬೇರೆ ಯಾರಿಗೋ ಸೇರಬೇಕಾದ್ದು ಅನ್ನಿಸುತ್ತಿತ್ತು. ಎಲ್ಲರಿಗಿಂತ ಮೊದಲು ಅವನಿಗೆ ಹೇಳಬೇಕು ಅನ್ನಿಸಿತು. ಅವನಿಂದ ಕಿತ್ತುಕೊಂಡಿದ್ದು ತಾನೇ?

ಜುಬ್ಬ ರೆಡಿಯಾಗಿತ್ತು. ಭಾನುವಾರ ದಂಡಿನಶಿವರದ ಒಂದು ತೋಟದಲ್ಲಿ ಮಿಷನ್ ಕೆಲಸ ಇದೆ ಅಂತ ಅವನು ಮೆಸೇಜ್ ಹಾಕಿದ್ದ. ಅದೇ ಊರಿನ ರಾಮಕ್ಕನಿಗೆ ಬ್ಲೌಸ್ ಕೊಡುವುದೂ ಇತ್ತು. ರುಹಿ ಬಸ್ ಹತ್ತಿದಳು. ಬ್ಲೌಸ್ ಕೊಟ್ಟಾಗ ರಾಮಕ್ಕ “ಬಿಸ್ಲು ಕಣವ್ವಾ, ಒಂದ್ ಗಳಿಗೆ ಕೂತ್ಕೊಂಡು ಹೋಗು” ಅಂದರೂ ಕೂರಲಿಲ್ಲ.

ತೋಟದ ಅಂಚಿನಲ್ಲಿ ಸುಲಿದ ತೆಂಗಿನಕಾಯಿ ಮಟ್ಟೆಯ ರಾಶಿ ಪಕ್ಕ ಮುಜಾಫರ್ ಮಿಷನ್ ಕಳಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದ. ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

ಅವಳು ನಿಂತಲ್ಲೇ ಎಲ್ಲ ಹೇಳಿದಳು. ಏಳು ಅಕೌಂಟು, ತಂಗಿ, ತಾನು ಹತ್ತು ದಿನ ಸುಮ್ಮನಿದ್ದದ್ದು.

ಅವನು ನೆಲ ನೋಡಿದ. “ಗೊತ್ತಿತ್ತು.”

“ಏನು?”

“ಏಳೂ ಒಂದೇ ದಿನ ಸೇರಿದ್ವು. ಏಳೂ ‘ನಮಸ್ಕರಾ’ ಅಂತ ಒಂದೇ ತಪ್ಪು ಬರೆದಿದ್ವು. ರಿಸಲ್ಟ್ ಬಂದ ದಿನಾನೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವಂತೂ ಮಾಡಿರಲ್ಲ ಅಂತ ಗೊತ್ತಿತ್ತು. ನೀವು ಗೆದ್ದಿದ್ದು ನೋಡೋಕೆ ಚೆನ್ನಾಗಿತ್ತು. ಅದಕ್ಕೇ… ಬಿಟ್ಟೆ.”

ಯಾವ ಹುಡುಗಿಯಾದರೂ ಕರಗಿ ಹೋಗುವ ಮಾತು. ಆದರೆ ರುಹಿಯ ಮುಖ ಬಿಸಿಯಾಯಿತು.

“ಎರಡು ವರ್ಷ ನಾನು ಬರೆದಿದ್ರಲ್ಲಿ ಒಂದು ಚುಕ್ಕೀನೂ ನೀವು ಸುಮ್ನೆ ಬಿಟ್ಟವರಲ್ಲ. ನಿಮ್ಮ ಜೊತೆ ಕಿತ್ತಾಡೋಕೆ ಅಂತ ಲೈಬ್ರರಿಗೆ ಹೋಗಿ ನೀರಾವರಿ ಪುಸ್ತಕ ಓದಿದೀನಿ ಕಣ್ರೀ. ನನ್ನ ಮಾತನ್ನ ಮಾತು ಅಂತ ತಗೊಂಡವರು ನೀವೊಬ್ರೇ. ಈಗ ನೀವೂ ಬಿಟ್ಟುಕೊಟ್ರಾ? ಮಗೂಗೆ ಆಟದಲ್ಲಿ ಬಿಟ್ಟುಕೊಟ್ಟ ಹಾಗೆ?”

“ಹಾಗಲ್ಲ…”

“ನಮ್ಮ ಮನೇಲಿ ಎಲ್ರೂ ನನಗೆ ಬಿಟ್ಟುಕೊಡ್ತಾರೆ. ಇನ್ನೊಬ್ಬರು ಬೇಕಾಗಿರ್ಲಿಲ್ಲ.”

ಜುಬ್ಬದ ಕವರನ್ನು ಟೂಲ್ ಬಾಕ್ಸಿನ ಮೇಲಿಟ್ಟು ಅವಳು ತೋಟ ದಾಟಿದಳು. ಅವನು ಹಿಂದೆ ಬರಲಿಲ್ಲ. ಬಂದಿದ್ದರೆ ಅತ್ತುಬಿಡುತ್ತಿದ್ದಳು.

ಬಸ್ಸಿನಲ್ಲಿ ಕೂತೇ ನವನಾಡಿನ ಸಭೆಗೆ ಬರೆದಳು. ತಂಗಿಯ ಹೆಸರು ಹೇಳದೆ, ತನ್ನ ಮನೆಯಿಂದಲೇ ಏಳು ಕಳ್ಳ ವೋಟು ಬಿದ್ದವು, ತಿಳಿದೂ ಹತ್ತು ದಿನ ಕುರ್ಚಿಯಲ್ಲಿ ಕೂತೆ, ರಾಜೀನಾಮೆ ಕೊಡುತ್ತಿದ್ದೇನೆ ಅಂತ. ಅವಳ ಪಕ್ಷದ ಎರಡನೇ ನಾಯಕ “ಇದನ್ನ ಹೇಳೋ ಅಗತ್ಯ ಏನಿತ್ತು?” ಅಂತ ಸಿಟ್ಟಾಗಿ ಹದಿನಾರು ಜನರ ಜೊತೆ ಪಕ್ಷ ಬಿಟ್ಟ. ಕಳ್ಳಿ ಅಂದವರೂ ಇದ್ದರು. ರುಹಿ ಎಲ್ಲವನ್ನೂ ಓದಿದಳು. ಉರಿಯಿತು. ಆದರೆ ಅವತ್ತು ರಾತ್ರಿ, ಹತ್ತು ದಿನದ ಮೇಲೆ ಮೊದಲ ಸಲ ಅನ್ನ ರುಚಿಸಿತು.

ಮಾರನೇ ಬೆಳಿಗ್ಗೆ ಸಭೆಯಲ್ಲಿ ಇನ್ನೊಂದು ಪತ್ರ ಇತ್ತು. “ನನಗೂ ಮೊದಲೇ ಗೊತ್ತಿತ್ತು. ಸುಮ್ಮನಿದ್ದದ್ದು ನನ್ನ ತಪ್ಪು. ಅದನ್ನು ದೊಡ್ಡ ಮನಸ್ಸು ಅಂದುಕೊಂಡಿದ್ದೆ. ಅದು ಎದುರಾಳಿಗೆ ಮಾಡಿದ ಅವಮಾನ. – ಹತ್ತು-ಹನ್ನೊಂದು.”

ಜೊತೆಗೆ ಅವಳೊಬ್ಬಳಿಗೇ ಒಂದು ಮೆಸೇಜ್: “ಮರುಚುನಾವಣೆಗೆ ನಿಲ್ಲಿ. ಈ ಸಲ ಬಿಡಲ್ಲ.”

ನಿಂತಳು. ಅವನು ಬಿಡಲಿಲ್ಲ. ನಾಲೆಯ ಮಸೂದೆಯನ್ನು ಇಪ್ಪತ್ತೊಂದು ಕಡೆ ಹರಿದ. ನೀರು ಎಲ್ಲಿಂದ ಬರುತ್ತೆ, ಮೇಲಿನವರು ಎತ್ತಿಕೊಂಡರೆ ಕೊನೆಯ ಊರಿಗೆ ಏನು ಉಳಿಯುತ್ತೆ ಅಂತ ಕೇಳಿದ. ರುಹಿ ಗುಂಡಿಯ ಕಾಜ ಹೊಲಿಯುವುದನ್ನು ಬಿಟ್ಟು ಉತ್ತರ ಬರೆದಳು. ಬರೆಯುತ್ತಾ ಬರೆಯುತ್ತಾ ಒಂದು ಪ್ರಶ್ನೆಗೆ ತನ್ನ ಹತ್ತಿರ ಉತ್ತರವೇ ಇಲ್ಲ ಅಂತ ಕಂಡುಕೊಂಡಳು. ಆ ಗಳಿಗೆಯಲ್ಲಿ ಅವಳಿಗೆ ಅವನ ಮೇಲೆ ಬಂದದ್ದು ಕೋಪವಲ್ಲ.

ಹತ್ತೊಂಬತ್ತು ವೋಟಿನಲ್ಲಿ ಸೋತಳು.

ಅವತ್ತು ಅಬ್ಬಾ ಕತ್ತರಿ ಕೆಳಗಿಟ್ಟು ಕೇಳಿದರು. “ಏನಾಯ್ತು ಮಗಾ? ಬೆಳಿಗ್ಗೆಯಿಂದ ಒಂದೇ ಗುಂಡಿ ಹೊಲೀತಿದೀಯ.”

ರುಹಿ ಹೇಳಿದಳು. ಆಟ, ನಾಲೆ, ಕಳ್ಳ ವೋಟು, ಸೋಲು, ಎಲ್ಲ. ಅಬ್ಬಾ “ಆಯ್ತು ಬಿಡು” ಅನ್ನಲಿಲ್ಲ. ನಾಲೆ ಎಲ್ಲಿಂದ ಎಲ್ಲಿಗೆ ಅಂತ ಕೇಳಿದರು. ಅವಳು ಕಟಿಂಗ್ ಟೇಬಲ್ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದಳು. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

“ನನಗೆ ವೋಟಿದ್ದಿದ್ರೆ ನಾನೂ ಆ ಹುಡುಗನಿಗೇ ಹಾಕ್ತಿದ್ದೆ.”

“ಅಬ್ಬಾ!”

“ಕೊನೇ ಊರಿಗೆ ನೀರು ಹೋಗಲ್ಲ ಇದ್ರಲ್ಲಿ.” ಕನ್ನಡಕ ಇಳಿಸಿ, “ಯಾರು ಆ ಹುಡುಗ?”

“ಜುಬ್ಬ ಹೊಲಿಸ್ಕೊಂಡು ಹೋದ್ರಲ್ಲ… ಮುಜಾಫರ್.”

“ಹೆಂಗೆ ಅವನು?”

“ಜಗಳಗಂಟ.”

“ಅದನ್ನ ನಗ್ತಾ ಹೇಳ್ತಿದೀಯ,” ಅಂದರು ಪೀರ್ ಸಾಬ್.

ರುಹಿ ಫೋನ್ ತೆಗೆದು ಬರೆದಳು: “ಅಭಿನಂದನೆ. ಅಂಗಡಿ ತೆಗೆದಿರುತ್ತೆ.”

ಎರಡು ಗಂಟೆಯಲ್ಲಿ ಅವನು ಬಂದ. ಎಲ್ಲಿ ಯಾರ ಮಿಷನ್ನನ್ನು ಅರ್ಧಕ್ಕೆ ಬಿಟ್ಟು ಬಂದನೋ. ಅಬ್ಬಾ ಅವನ ಸಲಾಮಿಗೆ ಸಲಾಮು ಹೇಳಿ, ಚಾ ತರ್ತೀನಿ ಅಂತ ಎದ್ದರು. ಕೂಗಿ ಹೇಳಿದರೆ ಸಾಕು, ಚಾ ಅಂಗಡಿಯವನೇ ತಂದುಕೊಡುತ್ತಾನೆ. ಅದು ಮೂವರಿಗೂ ಗೊತ್ತಿತ್ತು.

“ನನಗೇ ವೋಟು ಹಾಕ್ಕೊಂಡೆ,” ಅಂದ ಮುಜಾಫರ್, ತಪ್ಪೊಪ್ಪಿಕೊಳ್ಳುವವನ ಹಾಗೆ.

“ನಾನೂ ನನಗೇ ಹಾಕ್ಕೊಂಡೆ.”

“ಬೇಜಾರಾ?”

“ಸೋತಿದ್ದಕ್ಕೆ ಬೇಜಾರು. ನಿಮ್ಮ ಮೇಲಿಲ್ಲ.” ಅವಳು ಟೇಬಲ್ಲಿನ ಚಾಕ್ ಗೆರೆಯ ಮೇಲೆ ಬೆರಳಾಡಿಸಿದಳು. “ಕೊನೇ ಊರಿಗೆ ನೀರು ಹೋಗ್ಬೇಕಂದ್ರೆ ನಡುವೆ ಒಂದು ಕೆರೆ ಬೇಕು. ನನಗೆ ಹೊಳೆದೇ ಇರ್ಲಿಲ್ಲ.”

“ನನಗೂ ಹೊಳೆದಿರ್ಲಿಲ್ಲ. ಇದನ್ನ ಮೊದಲೇ ಬರೆದಿದ್ರೆ ನಾನು ಸೋಲ್ತಿದ್ದೆ.” ಅವನು ಗೆರೆಗಳನ್ನೇ ನೋಡುತ್ತಾ ಹೇಳಿದ. “ರುಹಿ ಅವ್ರೇ, ನಿಮ್ಮ ಮೇಲೆ ನನಗೆ ಮನಸ್ಸಿದೆ. ಅಮ್ಮೀನ ಕರ್ಕೊಂಡು ಮನೆಗೆ ಬಂದು ಕೇಳ್ಬೇಕು ಅಂತಿದೀನಿ. ದಾಕ್ಷಿಣ್ಯ ಬೇಡ. ಬೇಡ ಅನ್ನಿಸಿದ್ರೆ ಬೇಡ ಅಂತಲೇ ಹೇಳಿ.”

ರುಹಿ ಅವಸರ ಮಾಡಲಿಲ್ಲ. ಎರಡು ವರ್ಷದಲ್ಲಿ ಅವನಿಗೆ ಉತ್ತರ ಕೊಡುವ ಮುಂಚೆ ಯೋಚಿಸುವುದನ್ನು ಕಲಿತಿದ್ದಳು. ಹೊರಗೆ ಪೀರ್ ಸಾಬ್ ಮೂರು ಲೋಟ ಚಾ ಹಿಡಿದುಕೊಂಡು, ಒಳಗೆ ಬರದೆ, ಎದುರಂಗಡಿಯ ಬೋರ್ಡನ್ನು ಮೊದಲ ಸಲ ನೋಡುವವರ ಹಾಗೆ ಓದುತ್ತಾ ನಿಂತಿದ್ದರು.

“ಅಂಗಡಿ ನಾನು ಬಿಡಲ್ಲ,” ಅಂದಳು.

“ಬಿಡಬೇಡಿ.”

“ಮುಂದಿನ ಚುನಾವಣೇಲಿ ನಿಮ್ಮ ಎದುರಿಗೇ ನಿಲ್ತೀನಿ.”

“ನಿಲ್ಲಲೇಬೇಕು.”

ಅವಳು ಕಣ್ಣೆತ್ತಿದಳು. ಈ ಸಲ ಅವನು ಕ್ಯಾಲೆಂಡರ್ ಕಡೆ ತಿರುಗಲಿಲ್ಲ. ಅವಳೂ ನೋಟ ಇಳಿಸಲಿಲ್ಲ.

“ಹಾಗಾದ್ರೆ ಅಮ್ಮೀನ ಕರ್ಕೊಂಡು ಬನ್ನಿ,” ಅಂದಳು ರುಹಿ. “ನನಗೂ ಮನಸ್ಸಿದೆ.”