ಕಡೇ ಗದ್ದೆಯ ಹೆಂಟೆ

"ಮೊದಲ ನೀರು ಕಡೇ ಗದ್ದೆಗೆ ಹೋಗ್ಬೇಕು ಸಾರ್. ಅದು ಕುಡಿದ್ಮೇಲೆ ಮೇಲಿನೋರು. ನಮ್ಮ ತಾತನ ಕಾಲದಿಂದ ಹಂಗೇ."

ಗಂಗುಲಪ್ಪ ತೂಬಿನ ಚಕ್ರದ ಮೇಲಿಟ್ಟಿದ್ದ ಕೈ ತೆಗೆದಿರಲಿಲ್ಲ. ಅವನು ಊರಿನ ನೀರುಗಂಟಿ. ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುವುದು ಅವನ ಮನೆತನದ ಕೆಲಸ. ತಾಯಲೂರಿನಾಚೆಯ ಕಲ್ಲುಬೆಟ್ಟದಿಂದ ಇಳಿದ ನೀರು, ೨೦೦೩ರ ಆ ವರ್ಷ, ಕೆರೆಯನ್ನು ಅರ್ಧ ಮಾತ್ರ ತುಂಬಿಸಿತ್ತು.

ಕೆರೆ ಯೋಜನೆಯ ಎಂಜಿನಿಯರ್ ನಂದಕಿಶೋರ್ ಮೈಸೂರಿನಿಂದ ಬಂದು ಏಳು ತಿಂಗಳಾಗಿತ್ತು. ಮಣ್ಣಿನ ಕಾಲುವೆಗೆ ಸಿಮೆಂಟು ಹಾಕಿಸಿದ್ದು ಅವನೇ. ಮೊದಲು ಅರ್ಧ ದಿನ ತೆವಳುತ್ತಿದ್ದ ನೀರು ಈಗ ಕಾಲು ಗಂಟೆಯಲ್ಲಿ ಕಣಿವೆಯ ತುದಿ ಮುಟ್ಟುತ್ತದೆ ಎಂದು ಅವನಿಗೆ ಹೆಮ್ಮೆ.

"ನೀರಿರೋದೇ ಅರ್ಧ. ಕೊನೇ ಒಂದು ಗದ್ದೆ ಬಿಟ್ರೆ ಮಿಕ್ಕಿದ್ದೆಲ್ಲ ಉಳಿಯುತ್ತೆ. ಆ ಗದ್ದೆ ಯಾರದು?"

"ಕದಿರಮ್ಮಂದು. ಆಯಮ್ಮನ ನೀರು ತಡೆದೋರು ಉಳಿದಿಲ್ಲ ಸಾರ್." ಗಂಗುಲಪ್ಪನ ದನಿ ಇಳಿಯಿತು. "ಮಣ್ಣಲ್ಲಿ ಮಾಟ ಮಾಡ್ತಾಳೆ."

ಕೆರೆ ಸಂಘದ ಅಧ್ಯಕ್ಷ ಚನ್ನರಾಯಪ್ಪ ನಕ್ಕ. ಮೇಲಿನ ನಾಲ್ಕು ಗದ್ದೆ ಅವನವು. "ಆಯಮ್ಮನ ಹೆಸರು ಹೇಳಿದ್ರೆ ಇವನ ಚಡ್ಡಿ ಒದ್ದೆ ಆಗ್ತದೆ ಸಾರ್. ಅದೇ ನೀರು ಸಾಕು ಬಿಡಿ ಅವಳ ಗದ್ದೆಗೆ."

ನಂದಕಿಶೋರ್ ಕೂಡ ನಕ್ಕು ತಾನೇ ಚಕ್ರ ತಿರುಗಿಸಿದ. ನೀರು ಮೇಲಿನ ಗದ್ದೆಗಳಿಗೆ ನುಗ್ಗಿತು. ನಗುತ್ತಿದ್ದ ಚನ್ನರಾಯಪ್ಪ ಕಣಿವೆಯ ಕೆಳಗಡೆ ಮಾತ್ರ ನೋಡಲಿಲ್ಲ.

ಇಪ್ಪತ್ತು ದಿನದ ಮೇಲೆ ಕದಿರಮ್ಮ ಬಂದಳು. ಕೆರೆ ಏರಿಯ ಮೇಲಿನ ಹೊಂಗೆಯ ನೆರಳಲ್ಲಿ ನಂದಕಿಶೋರ್ ನಕ್ಷೆ ಹರಡಿಕೊಂಡು ಕೂತಿದ್ದ. ಮೊದಲು ವಾಸನೆ ಬಂತು, ಸುಟ್ಟ ಕೂದಲಿನದು. ತಲೆಯೆತ್ತಿದರೆ ಒಣಗಿದ ಮುದುಕಿ. ಅವಳ ಅಂಗೈಯಲ್ಲಿ ಮಣ್ಣಿನ ಒಂದು ಹೆಂಟೆ.

"ಪೈರು ಸುಟ್ಟೋಯ್ತು ನಾಯನಾ. ಇನ್ನೊಂದು ಸಲ ಉತ್ತಿದೀನಿ. ನನ್ನ ಮಣ್ಣು ಎಷ್ಟು ಒಣಗೈತೆ, ನೀನೇ ನೋಡು."

ಮಣ್ಣಿನ ಹದ ನೋಡುವುದು ಅವನಿಗೆ ಕಾಲೇಜಿನಲ್ಲಿ ಕಲಿತ ವಿದ್ಯೆ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಬೇಕು. ಉಂಡೆ ಕಟ್ಟಿದರೆ ತೇವ ಇದೆ, ಉದುರಿದರೆ ಇಲ್ಲ. ಅವನು ಹೆಂಟೆಯನ್ನು ತೆಗೆದುಕೊಂಡು ಪುಡಿ ಮಾಡಿ ಹಿಸುಕಿದ. ಉದುರಿತು. ಬಾಟಲಿಯಲ್ಲಿ ನೀರು ಮುಗಿದಿತ್ತು. ಅಂಗೈಯ ಮಣ್ಣಿಗೆ ಎರಡು ಸಲ ಉಗಿದು ನಾದಿ, ಮತ್ತೆ ಹಿಸುಕಿದ. ಈ ಸಲ ಉಂಡೆ ಕಟ್ಟಿತು. ಐದು ಬೆರಳಿನ ಗೆರೆಗಳೂ ಅದರ ಮೇಲೆ ಚೆನ್ನಾಗಿ ಮೂಡಿದವು.

"ನೋಡಮ್ಮ, ಒಳ್ಳೇ ಮಣ್ಣು. ಮಳೆ ಬಂದ್ರೆ ಸರಿಹೋಗುತ್ತೆ. ನೀರಂತೂ ಈ ವರ್ಷ ನಿಮ್ಮ ಗದ್ದೆಗೆ ಬರಲ್ಲ."

"ಬರಲ್ವಾ?"

"ಬರಲ್ಲ."

"ಮಾತು ತಪ್ಪಬೇಡ ಮತ್ತೆ," ಎಂದಳು ಕದಿರಮ್ಮ. ಉಂಡೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಸೆರಗಿನಲ್ಲಿ ಕಟ್ಟಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಅವನ ಎಡಗೈಯ ಕಿರುಬೆರಳ ತುದಿ ಸೋಪಿನ ಹಾಗೆ ಜಾರಿತು.

ನೋವಿರಲಿಲ್ಲ. ರಕ್ತವಿರಲಿಲ್ಲ. ಬೆರಳಿನ ತುದಿ ಉಗುರಿನ ಸಮೇತ ಕಳಚಿ ನೆಲಕ್ಕೆ ಬಿದ್ದು, ಅವನು ನೋಡುತ್ತಿದ್ದಂತೆ ಕೆಂಪು ಕೆಸರಾಗಿ ಹರಿದು ಹೋಯಿತು. ಮೊಂಡು ಬೆರಳನ್ನು ಮೂಗಿನ ಹತ್ತಿರ ತಂದ. ಗದ್ದೆ ಮಣ್ಣಿನ ವಾಸನೆ.

ಅವನು ಬೈಕು ಹತ್ತಿ ತೂಬಿಗೆ ಧಾವಿಸಿದ. ಗಂಗುಲಪ್ಪ ಬೆರಳು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಏನಾದ್ರೂ ಕೊಟ್ರಾ ಸಾರ್ ಆಯಮ್ಮಂಗೆ? ಕೂದಲು, ಬಟ್ಟೆ?"

"ಏನೂ ಇಲ್ಲ! ಮಣ್ಣಿನ ಹದ ನೋಡಿದೆ, ಅಷ್ಟೇ." ಅವನು ಮೊಂಡು ಬೆರಳನ್ನು ಮತ್ತೆ ಚಾಚಿದ. "ಏನ್ ಮಾಡ್ಲಿ ಹೇಳು."

"ನೀರು ಕೊಡಿ ಸಾರ್. ಇನ್ನೇನಿದೆ?"

"ಬಿಡು. ಪೂರ್ತಿ ಎತ್ತು. ದಾರೀಲಿ ಒಂದು ಗದ್ದೆಗೂ ಹೋಗಬಾರದು, ಎಲ್ಲಾ ಗದ್ದೆ ಬಾಯಿ ಮುಚ್ಚಿಸು. ಇರೋ ನೀರೆಲ್ಲ ಕದಿರಮ್ಮನಿಗೆ. ನಾನು ಹೋಗಿ ಅವಳ ಕಾಲಿಗೆ ಬೀಳ್ತೀನಿ. ಯಾರು ಬಂದು ಹೇಳಿದ್ರೂ ನಿಲ್ಲಿಸಬೇಡ!"

ಕಾಲುವೆಯ ದಂಡೆಗುಂಟ ಅವನು ಬೈಕು ಓಡಿಸಿದ. ಹಿಂದೆ ತೂಬು ಗುಡುಗಿತು.

ಕಣಿವೆಯ ತುದಿಯಲ್ಲಿ ಹಕ್ಕಿಯ ಸದ್ದೂ ಇರಲಿಲ್ಲ. ಉತ್ತ ಗದ್ದೆಯ ತುಂಬ ಮುಷ್ಟಿಗಾತ್ರದ ಹೆಂಟೆಗಳು ಬಿಸಿಲಿಗೆ ಬಿದ್ದಿದ್ದವು, ಸಾವಿರಾರು. ಬದುವಿನ ಮೇಲೆ ಕದಿರಮ್ಮ ಕೂತಿದ್ದಳು. ಪಕ್ಕದಲ್ಲಿ ಹಿತ್ತಾಳೆ ಚೊಂಬು.

ಅವನು ಕಾಲಿಗೆ ಬಿದ್ದ. "ತಪ್ಪಾಯ್ತಮ್ಮ. ನೀರು ಬಿಡಿಸಿದೀನಿ. ಪೂರ್ತಿ ನಿಮಗೇ. ಈಗ ಬಂದುಬಿಡುತ್ತೆ."

ಮುದುಕಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ತಂದಿತು.

"ಅಯ್ಯೋ ನಾಯನಾ," ಎಂದಳು. "ಬರಲ್ಲ ಅಂದಿದ್ದೆಯಲ್ಲ."

"ಬರುತ್ತೆ, ಬರ್ತಾ ಇದೆ!"

"ನಿನ್ನ ಉಂಡೇಲಿ ಒಂದು ಚಿಟಿಕೆ ಮಾತ್ರ ಈ ಚೊಂಬಿನ ನೀರಿಗೆ ಹಾಕಿ ನೋಡಿದೆ, ನಿನ್ನ ಬೆರಳ ತುದಿ ಕರಗ್ತು. ಮಿಕ್ಕಿದ್ದನ್ನ ಗದ್ದೆಗೆ ಎಸೆದುಬಿಟ್ಟೆ. ನೀರು ಬರದಿದ್ರೆ ನೀನು ನೂರು ವರ್ಷ ಬಾಳ್ತಿದ್ದೆ."

ಅವನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅಷ್ಟರಲ್ಲಿ ದೂರದಿಂದ ಕಾಲುವೆಯ ಸದ್ದು ಕೇಳಿಸಿತು. ಸಿಮೆಂಟಿನ ಮೇಲೆ ಜಾರಿ ಬರುವ ನೀರಿನ ನಯವಾದ ಸದ್ದು.

"ಎಲ್ಲಿ ಎಸೆದೆ? ಎಲ್ಲಿ?"

"ನಂಗೇನ್ ಗೊತ್ತು? ಕಣ್ಣು ಮಂಜು."

ಅವನು ಗದ್ದೆಗೆ ಹಾರಿದ. ಹೆಂಟೆ ಎತ್ತಿದ. ಗೆರೆ ಇಲ್ಲ. ಇನ್ನೊಂದು. ಇಲ್ಲ. ಕೈಯ ಬೆವರಿಗೆ ಒಣಮಣ್ಣೂ ಅಂಟಾಯಿತು. ಎತ್ತಿದ, ತಿರುಗಿಸಿದ, ಹಿಸುಕಿ ಬಿಸಾಡಿದ. ಮತ್ತೊಂದು. ಮಗದೊಂದು. ಮೊಣಕಾಲು ಸುಲಿಯಿತು. ಬಾಯಿಗೆ ಮಣ್ಣು ಹೊಕ್ಕಿತು. ಒಂದು ಹೆಂಟೆಯ ಮೇಲೆ ಐದು ಬೆರಳಿನ ಗುರುತು! ಎದೆಗೆ ಅವುಚಿಕೊಂಡ. ಪಕ್ಕದಲ್ಲಿ ಇನ್ನೊಂದು, ಅದರ ಮೇಲೂ ಗುರುತು. ಅದರಾಚೆಗೂ.

"ಹಿಸುಕಬೇಡ ನಾಯನಾ," ಕದಿರಮ್ಮ ಬದುವಿನಿಂದ ಹೇಳಿದಳು. "ಹಿಸುಕಿದ್ದೆಲ್ಲಾ ನೀನೇ."

ಅವನು ತಿರುಗಿ ನೋಡಿದ. ಅವನು ತೆವಳಿ ಬಂದ ದಾರಿಯುದ್ದಕ್ಕೂ ಹೆಂಟೆಗಳು. ನೂರಾರು. ಎಲ್ಲದರ ಮೇಲೂ ಅವನ ಬೆರಳು.

ಸದ್ದು ಹತ್ತಿರವಾಯಿತು.

"ಗಂಗುಲಪ್ಪಾ! ಕಟ್ಟೋ! ನೀರು ಕಟ್ಟೋ!"

ಕಾಲುವೆಯ ಬಾಯಿಗೆ ಓಡಿದ. ಅಡ್ಡ ಮಲಗಿದ. ಎದೆಗೊಟ್ಟು ತಡೆದ. ತಣ್ಣನೆ ನೀರು ಬೆನ್ನ ಮೇಲೆ ಏರಿತು. ಪಕ್ಕೆಯಿಂದ ನುಸುಳಿತು. ಕತ್ತಿನ ಮೇಲಿಂದ ದಾಟಿತು. ಬದುವಿಗೆ ಅಂಟಿದ್ದ ಮೊದಲ ಹೆಂಟೆ ನೀರು ಕುಡಿಯಿತು. ಗುಳುಗುಳು ಗುಳ್ಳೆ. ಒಣಮಣ್ಣು ನೆನೆಯುವ ಘಮ. ಅವನ ಬಲಗೈ ಭಾರವಾಯಿತು. ಮೆತ್ತಗಾಯಿತು. ಎತ್ತಲು ಹೋದ. ಮೇಲೆ ಬಂದದ್ದು ಬರೀ ತೋಳು. ಕೂಗಲು ಬಾಯಿ ತೆರೆದ. ನಾಲಿಗೆ ಕೆಸರಾಗಿ ಹೊರಗಿಳಿಯಿತು.

ಗಂಗುಲಪ್ಪ ಗುದ್ದಲಿ ಹೆಗಲಿಗೇರಿಸಿ ನೀರಿನ ಹಿಂದೆಯೇ ಬಂದ. ದಾರಿಯಲ್ಲಿ ಕೂಗು ಕೇಳಿಸಿತ್ತು. ಆದರೆ ಯಾರು ಹೇಳಿದರೂ ನಿಲ್ಲಿಸಬೇಡ ಎಂದು ಎಂಜಿನಿಯರೇ ಅಪ್ಪಣೆ ಕೊಟ್ಟಿದ್ದನಲ್ಲ.

ದಂಡೆಯ ಮೇಲೆ ಬೈಕು ನಿಂತಿತ್ತು. ಕಾಲುವೆಯ ಬಾಯಲ್ಲಿ ಒಂದು ಅಂಗಿ ಸಿಕ್ಕಿಕೊಂಡು ಉಬ್ಬಿ ತೇಲುತ್ತಿತ್ತು. ಅದರ ಒಳಗಿನಿಂದ ಕೆಂಪು ಬಗ್ಗಡ ಸಣ್ಣಗೆ ಗದ್ದೆಗೆ ಇಳಿಯುತ್ತಿತ್ತು. ಗದ್ದೆಯ ಅರ್ಧ ನೆನೆದಿತ್ತು. ಇನ್ನರ್ಧದಲ್ಲಿ ಬೆರಳಚ್ಚಿನ ಹೆಂಟೆಗಳು ನೀರಿಗೆ ಕಾಯುತ್ತಿದ್ದವು. ಅಂಗಿ ಒಮ್ಮೆ ಮಿಸುಕಿತು. ಅದು ಹರಿವಿಗಲ್ಲ ಎಂದು ನೀರು ಬಲ್ಲ ಗಂಗುಲಪ್ಪನಿಗೆ ತಿಳಿಯಿತು.

ಅವನು ಬದುವಿನ ಕಡೆ ತಿರುಗಿದ. "ಸಾಕಾ ಅಮ್ಮಾ? ಕಟ್ಲಾ?"

ಕದಿರಮ್ಮ ಗದ್ದೆಗೆ ಇಳಿದು ಹೆಬ್ಬೆರಳಿನಿಂದ ಕೆಸರು ಮೀಟಿ ಹದ ನೋಡಿದಳು.

"ಇನ್ನೂ ಸ್ವಲ್ಪ ಬಿಡಪ್ಪ. ಒಳಗೆ ಗಟ್ಟಿ ಐತೆ."

ಗಂಗುಲಪ್ಪ ಗುದ್ದಲಿ ಎತ್ತಿದ. ಅಂಗಿಯನ್ನು ನೋಡದೆ, ಕಾಲುವೆಯ ಬಾಯಿಯನ್ನು ಇನ್ನಷ್ಟು ಅಗಲ ಮಾಡಿದ.